ರಾಹುಕಾಲದಲ್ಲಿ ಎಲ್ಲರಿಗೂ ಬಿಡುವು

ನಮ್ಮ ಮನೆಯನ್ನು ಒಂದು ಶಿಸ್ತಿಗೆ ತರುತ್ತೇನೆಂದು ನಾನು ಘೋಷಿಸಿದಾಗ ಮನೆಯವರು ಯಾರೂ ವಿರೋಧಿಸಲಿಲ್ಲ. ಯಾರೂ ಕೇಳಿಸಿಕೊಂಡೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಶಿಸ್ತು ಬೇಕಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಚಾಮರಾಜನಗರದಲ್ಲಿ ನಮ್ಮದು ದುಡಿಯುವವರೇ ತುಂಬಿರುವ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಮ್ಮ ಯಜಮಾನರು ಮಹದೇವಸ್ವಾಮಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ನಾದಿನಿ ಸುಧಾ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು, ವಾರಕ್ಕೊಂದು ಪಾಳಿ. ಅತ್ತೆ ಯಾವ ಕೆಲಸದಲ್ಲೂ ಇಲ್ಲ, ಆದರೆ ಎಲ್ಲರ ಕೆಲಸದ ಮೇಲೂ ಅಭಿಪ್ರಾಯ ಇಟ್ಟುಕೊಂಡಿದ್ದಾರೆ. ಇಂಥ ಮನೆಯಲ್ಲಿ ಒಂದೇ ಸಂಜೆ ಮೂವರು ಮೂರು ಕಡೆಯಿಂದ ಕೊತ್ತಂಬರಿ ಸೊಪ್ಪು ತರುವುದು, ಹಾಲನ್ನು ಮಾತ್ರ ಯಾರೂ ತರದೆ ಇರುವುದು, ಗ್ಯಾಸಿನವನು ಬಂದು ಬೀಗ ನೋಡಿಕೊಂಡು ಹೋಗುವುದು ಎಲ್ಲ ಮಾಮೂಲಿ.

ಶಿಕ್ಷಕರ ತರಬೇತಿಯೊಂದರಲ್ಲಿ ಒಬ್ಬರು ಸಂಪನ್ಮೂಲ ವ್ಯಕ್ತಿ ಕುಟುಂಬಕ್ಕೆಂದೇ ಮಾಡಿದ ಒಂದು ಆ್ಯಪ್ ತೋರಿಸಿದರು. ಮನೆಮಂದಿಯ ಕೆಲಸ, ರಜೆ, ಸಂತೆ, ಮಾತ್ರೆ, ಮದುವೆ, ನಾಮಕರಣ ಎಲ್ಲವೂ ಒಂದೇ ಕ್ಯಾಲೆಂಡರಿನಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಾನು ಅವತ್ತೇ ಮನೆಯವರ ಫೋನುಗಳನ್ನೆಲ್ಲ ಕಸಿದು ಅದನ್ನು ಹಾಕಿದೆ. ಅತ್ತೆಯನ್ನು ಯಾವ ಬಣ್ಣ ಬೇಕೆಂದು ಕೇಳಿದೆ.

“ನಂಗ್ಯಾತಕ್ಕವ್ವ ಬಣ್ಣ? ಓಳಿ ಹಬ್ಬನಾ?” ಎಂದರು.

ಯಜಮಾನರು ಬಣ್ಣದ ಬಗ್ಗೆ ತಕರಾರು ಮಾಡಲಿಲ್ಲ. ಅವರು ಕಂಡುಹಿಡಿದದ್ದು ಬೇರೆ. ಆ್ಯಪಿನಲ್ಲಿ ಪ್ರತಿ ಕೆಲಸದ ಮುಂದೆ ‘ಮುಗಿಯಿತು’ ಎಂಬ ಒಂದು ಗುಂಡಿ ಇರುತ್ತದೆ. ಟ್ಯಾಂಕ್ ತೊಳೆಸುವುದು, ಮುಗಿಯಿತು. ಬಚ್ಚಲುಮನೆಗೆ ಬಲ್ಬ್ ಹಾಕುವುದು, ಮುಗಿಯಿತು. ಕರೆಂಟ್ ಬಿಲ್, ಮುಗಿಯಿತು. ಫೋನಿನೊಳಗೆ ನಮ್ಮ ಮನೆ ಥಳಥಳ ಹೊಳೆಯುತ್ತಿತ್ತು. ನಾನು ಕತ್ತಲಲ್ಲಿ ಸ್ನಾನ ಮಾಡುತ್ತಿದ್ದೆ.

“ರೀ, ಬಲ್ಬೇ ಹಾಕಿಲ್ಲ, ಹಾಕಾಯ್ತು ಅಂತ ಒತ್ತಿದೀರಲ್ಲ?”

“ಅದು ಕುಂಯ್ ಕುಂಯ್ ಅಂತಾನೇ ಇತ್ತು ಕಣಮ್ಮಿ. ಒತ್ತುದ್ರೆ ಸುಮ್ಕಾಯ್ತದೆ.”

ಇಷ್ಟಕ್ಕೇ ನಿಂತಿದ್ದರೆ ಇದು ಗಂಡ ಹೆಂಡಿರ ಜಗಳವಾಗಿ ಉಳಿಯುತ್ತಿತ್ತು. ನಾನು ಇದರಲ್ಲಿ ಸುಧಾಳ ಮದುವೆಯನ್ನೂ ಸೇರಿಸಿದೆ.

ಸುಧಾ ಅದುವರೆಗೆ ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಕ್ಕೆ ತೆಗೆದು ಕಳಿಸಿದ್ದವಳು. ಕುದೇರಿನಲ್ಲಿ ಶಾಂತಕ್ಕ ಎಂದು ಅತ್ತೆಯ ಚಿಕ್ಕಮ್ಮನ ಮಗಳಿದ್ದಾರೆ, ಸಂಬಂಧ ಕುದುರಿಸುವುದೇ ಅವರ ಉಸಿರು. ಅವರು ಗುಂಡ್ಲುಪೇಟೆಯಿಂದ ಒಂದು ಸಂಬಂಧ ತಂದರು. ಹುಡುಗ ನಾಗೇಂದ್ರ. ಅವನ ತಂದೆ ಬಸವರಾಜಪ್ಪನವರದು ಈರುಳ್ಳಿ ಮಂಡಿ. ಬಂದರು, ಕೇಸರಿಬಾತು ತಿಂದರು, ಹುಡುಗ ಹುಡುಗಿ ತಾರಸಿ ಮೇಲೆ ಒಂದಿಷ್ಟು ಹೊತ್ತು ಮಾತಾಡಿದರು. ಅವರು ಹೋದ ಮೇಲೆ ಸುಧಾ ಪಾತ್ರೆ ತೊಳೆಯುತ್ತಾ ಏನೋ ಹಾಡು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಅತ್ತೆ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದರು.

ಮುಂದಿನದು ನಮ್ಮ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವ ಶಾಸ್ತ್ರ. ದಿನ ಗೊತ್ತುಮಾಡಿ ತಿಳಿಸಬೇಕಾದವರು ನಾವು. ಇಷ್ಟು ಜನರನ್ನು ಒಂದು ದಿನಕ್ಕೆ ಒಟ್ಟುಹಾಕುವುದು ಹುಡುಗಾಟವಲ್ಲ. ಅದರಲ್ಲೂ ಹರದನಹಳ್ಳಿಯ ದೊಡ್ಡಮಾವ, ಅಂದರೆ ನಮ್ಮ ಮಾವನವರ ಅಣ್ಣ, ಬರದೆ ನಮ್ಮಲ್ಲಿ ಯಾವ ಮಾತುಕತೆಯೂ ನಡೆಯುವುದಿಲ್ಲ. ಅವರಿಗೆ ಹೊಲ, ಪಂಚಾಯಿತಿ, ಯಾರ್ಯಾರದೋ ಜಗಳ ಬಿಡಿಸುವ ಕೆಲಸ.

“ಅದನ್ನ ನನಗೆ ಬಿಡಿ” ಎಂದೆ. ಎಲ್ಲರೂ ಬಹಳ ಬೇಗ ಬಿಟ್ಟುಬಿಟ್ಟರು.

ದೊಡ್ಡಮಾವನಿಗೆ ಫೋನು ಮಾಡಿ ಅವರ ಕಾರ್ಯಕ್ರಮಗಳನ್ನೆಲ್ಲ ಕೇಳಿಕೊಂಡು ಆ್ಯಪಿಗೆ ತುಂಬಿದೆ. ಸುಧಾಳ ಪಾಳಿ, ಅಂಗಡಿಯ ರಜೆ, ನನ್ನ ಕಿರುಪರೀಕ್ಷೆ ಎಲ್ಲ ತುಂಬಿದೆ. ಶ್ರಾವಣ ಮಾಸ ತುಂಬ ಒಂದು ದಿನವೂ ಖಾಲಿ ಇರಲಿಲ್ಲ, ಯಾರದಾದರೂ ಮದುವೆ, ಯಾರದಾದರೂ ಗೃಹಪ್ರವೇಶ. ಕೊನೆಗೆ ‘ಎಲ್ಲರಿಗೂ ಬಿಡುವಿರುವ ಸಮಯ ಹುಡುಕು’ ಎಂಬುದನ್ನು ಒತ್ತಿದೆ. ಒಂದು ಚಕ್ರ ತಿರುಗಿತು. ಬಂತು ನೋಡಿ ಉತ್ತರ! ಬರುವ ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಮನೆಮಂದಿಯೆಲ್ಲ ಖಾಲಿ, ಯಾರಿಗೂ ಏನೂ ಕೆಲಸವಿಲ್ಲ.

ಇಷ್ಟು ಜನ ಒಟ್ಟಿಗೆ ಆ ಹೊತ್ತನ್ನೇ ಯಾಕೆ ಖಾಲಿ ಬಿಟ್ಟುಕೊಂಡಿದ್ದಾರೆಂದು ನಾನು ಯೋಚಿಸಲಿಲ್ಲ. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆ ಕೇಳುವ ಅಭ್ಯಾಸ ಗಣಿತದವರಿಗಿಲ್ಲ. ಬಸವರಾಜಪ್ಪನವರ ನಂಬರನ್ನೂ ನಾಗೇಂದ್ರನ ನಂಬರನ್ನೂ ಸೇರಿಸಿ ಆಹ್ವಾನ ಕಳಿಸಿದೆ. ಯಜಮಾನರು ಅಂಗಡಿಯಿಂದಲೇ ‘ಒಪ್ಪಿಗೆ’ ಒತ್ತಿದರು. ಇಂಥ ವೇಗ ನಮ್ಮ ಮನೆತನದ ಚರಿತ್ರೆಯಲ್ಲೇ ಇರಲಿಲ್ಲ ಎಂದು ಬೀಗಿದೆ.

ಆಮೇಲೆ ಗುಂಡ್ಲುಪೇಟೆ ಕಡೆಯಿಂದ ಸದ್ದಿಲ್ಲ. ದಿನಾ ಬರುತ್ತಿದ್ದ ನಾಗೇಂದ್ರನ ಫೋನು ನಿಂತಿತು. ಸುಧಾ ಫೋನನ್ನು ಎತ್ತುವುದು, ನೋಡುವುದು, ಮಗುಚಿ ಇಡುವುದು. ಏನಾಯಿತೆಂದು ಕೇಳಿದರೆ “ಏನಿಲ್ಲ ಅತ್ತಿಗೆ” ಎನ್ನುವಳು. ಹಾಡು ನಿಂತುಹೋಗಿತ್ತು.

ಭಾನುವಾರ ಕುದೇರಿನ ಶಾಂತಕ್ಕ ಬಸ್ಸಿಳಿದು ನೇರ ಬಂದರು. ಕೊಟ್ಟ ನೀರು ಮುಟ್ಟಲಿಲ್ಲ.

“ಬ್ಯಾಡ ಅಂದ್ರೆ ಬ್ಯಾಡ ಅನ್ಬೇಕಿತ್ತು ಕಣಕ್ಕ” ಎಂದು ಅತ್ತೆಯ ಮುಂದೆ ಕೂತರು. “ಆಸಾಡ್ದಲ್ಲಿ, ಮಂಗಳ್ವಾರ, ರಾವುಕಾಲ್ದಲ್ಲಿ ಮನೆ ನೋಡಕ್ಕೆ ಬತ್ತೀವಿ ಅಂತ ಯೋಳಿ ಕಳ್ಸೋದಾ? ಅದ್ಕಿಂತ ಮಕದ್ ಮೇಲೆ ಬಾಗ್ಲು ಆಕಿದ್ರೇ ಮರ್ವಾದಿ ಇರ್ತಿತ್ತು.”

ನಮ್ಮ ಕಡೆ ಸಂಬಂಧ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾತಕ ಕೂಡಲಿಲ್ಲ ಅನ್ನುತ್ತಾರೆ, ಮುಂದಿನ ವರ್ಷ ನೋಡನ ಅನ್ನುತ್ತಾರೆ, ಅದಕ್ಕೂ ಬಗ್ಗದವರಿಗೆ ಯಾರೂ ಕಾಲು ಹೊರಗಿಡದಂಥ ಒಂದು ದಿನವನ್ನು ಹೇಳಿ ಕಳಿಸುತ್ತಾರೆ. ಬಸವರಾಜಪ್ಪನವರು ಮಂಡಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದೇ ರೇಟು ತಿಳಿಯುವ ಮನುಷ್ಯ. ಆಷಾಢದ ಮಂಗಳವಾರದ ಮೂರು ಗಂಟೆಯನ್ನು ಅವರಿಗೆ ಬಿಡಿಸಿ ಹೇಳಬೇಕೆ?

“ಸಾಲ್ದು ಅಂತ, ಅವ್ರ್ ಮನೆಗೆ ಅವ್ರುನ್ನೇ ಕರ್ದವ್ರಂತೆ” ಎಂದರು ಶಾಂತಕ್ಕ.

ಫೋನು ತೆಗೆದು ನೋಡಿದೆ. ಆ್ಯಪು ನನ್ನ ಹೆಸರಿನಲ್ಲಿ ಹಾಗೇ ಬರೆದಿತ್ತು: ‘ರತ್ನ ನಿಮ್ಮನ್ನು ಆಹ್ವಾನಿಸಿದ್ದಾರೆ. ಸ್ಥಳ: ಬಸವರಾಜಪ್ಪನವರ ಮನೆ, ಗುಂಡ್ಲುಪೇಟೆ. ನೀವು ಬರುವಿರಾ? ಹೌದು, ಇಲ್ಲ, ಬಹುಶಃ.’ ತಮ್ಮ ಮನೆಗೆ ತಾವು ಬರುವುದೋ ಬೇಡವೋ ಎಂದು ಆ ಹಿರಿಯರು ಬಹಳ ಹೊತ್ತು ಯೋಚಿಸಿದರಂತೆ.

“ನೀವೂ ಒಪ್ಪಿಗೆ ಕೊಟ್ಟಿದೀರಲ್ಲ!” ಎಂದು ಯಜಮಾನರ ಮೇಲೆ ಹಾಯ್ದೆ.

“ನಾನು ಓದಿ ಒತ್ತುದ್ರೆ ತಾನೇ?” ಎಂದರು ಅವರು, ಇದಕ್ಕಿಂತ ಗಟ್ಟಿ ಸಮಜಾಯಿಷಿ ಲೋಕದಲ್ಲಿ ಇಲ್ಲವೆಂಬಂತೆ.

ಅತ್ತೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಗೋಡೆ ನೋಡುತ್ತಾ ಮೆಲ್ಲಗೆ ಹೇಳಿದರು: “ಸುಧಾ ಒಂಟೋದ್ರೆ ಮನೆ ಕೆಲ್ಸಕ್ಕೆ ಯಾರವ್ರೆ ಅಂತ ಮಾಡುದ್ಲೇನೋ. ನಂಗೇನ್ ಗೊತ್ತು.”

ಹಾಸ್ಯ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ನಾದಿನಿಯ ಮದುವೆ ಮುರಿದ ಅತ್ತಿಗೆ ಎಂಬ ಹೆಸರು ಒಮ್ಮೆ ಬಂದರೆ ಸಾಯುವವರೆಗೂ ಹೋಗುವುದಿಲ್ಲ. ಸುಧಾ ಅಲ್ಲೇ ನಿಂತಿದ್ದಳು. ಅವಳು “ಇಲ್ಲಮ್ಮ” ಎಂದಿದ್ದರೆ ಸಾಕಿತ್ತು. ಏನೂ ಹೇಳದೆ ಒಳಗೆ ಹೋದಳು. ಆ ಸಂಕಟದಲ್ಲಿ, ಕೆಡಿಸಿದ್ದನ್ನು ಕೆಡಿಸಿದ ಕೈಯಿಂದಲೇ ಸರಿಮಾಡುತ್ತೇನೆಂದು ಮತ್ತೆ ಫೋನು ಹಿಡಿದೆ.

ಮೊದಲು ಆ ಕಾರ್ಯಕ್ರಮವನ್ನು ಅಳಿಸಿದೆ. ಅಳಿಸಿದರೆ ಸದ್ದಿಲ್ಲದೆ ಹೋಗುತ್ತದೆ ಎಂದುಕೊಂಡಿದ್ದೆ. ಆ್ಯಪು ಎಲ್ಲರಿಗೂ ಡಂಗುರ ಹೊಡೆಯಿತು: ‘ಸುಧಾ ಗಂಡಿನ ಮನೆ ವೀಕ್ಷಣೆ ರದ್ದುಗೊಂಡಿದೆ.’ ಗಾಬರಿಯಿಂದ ಮರಳಿ ತರುವ ಗುಂಡಿ ಒತ್ತಿದೆ. ಅದು ಏನೋ ಕೇಳಿತು, ನಾನು ಯಜಮಾನರ ದಾರಿ ಹಿಡಿದು ಓದದೆ ಒತ್ತಿದೆ. ‘ಸುಧಾ ಗಂಡಿನ ಮನೆ ವೀಕ್ಷಣೆ, ಪ್ರತಿ ಮಂಗಳವಾರ’ ಎಂದು ಹೋಯಿತು.

ಶಾಂತಕ್ಕನ ಫೋನು ಹೊಡೆದುಕೊಂಡಿತು. ಬಸವರಾಜಪ್ಪನವರ ದನಿ ಪಕ್ಕದಲ್ಲಿದ್ದ ನಮಗೂ ಕೇಳುತ್ತಿತ್ತು. “ಏನವ್ವ ಇದು? ಮೊದ್ಲು ಬತ್ತೀವಿ ಅಂದ್ರು, ಆಮ್ಯಾಕೆ ರದ್ದು ಅಂದ್ರು, ಈಗ ವಾರ್ವಾರ ಬತ್ತರಂತೆ. ಇವ್ರು ಎಣ್ಣು ಕೊಡೋರೋ, ವಾರದ್ ಚೀಟಿ ಎತ್ತೋರೋ?”

ಯಜಮಾನರು ನನ್ನ ಕೈಯಿಂದ ಫೋನು ಕಿತ್ತುಕೊಂಡು ಬೀರುವಿನ ಮೇಲಿಟ್ಟರು.

ಇನ್ನು ಖುದ್ದಾಗಿ ಹೋಗಿ ತಪ್ಪಾಯಿತೆಂದು ಕೇಳಿಕೊಳ್ಳುವುದೊಂದೇ ದಾರಿ. ಹಿರಿಯರೆಂದು ದೊಡ್ಡಮಾವ ಬರಲೇಬೇಕು. ಸೋಮವಾರ ಅವರು ಒಪ್ಪೊತ್ತು, ಊರು ಬಿಡುವುದಿಲ್ಲ. ಮಾರನೆಯ ದಿನ ಅಂಗಡಿಗೂ ರಜೆ, ನನ್ನದೂ ಮೊದಲೇ ಹಾಕಿಟ್ಟಿದ್ದ ಅರ್ಧ ದಿನ ರಜೆ. ಬೆಳಗಿನ ಪಾಳಿ ಮುಗಿಸಿ ಬಂದ ಸುಧಾ, “ನಾನೂ ಬತ್ತೀನಿ” ಎಂದು ಚಪ್ಪಲಿ ಹಾಕಿಕೊಂಡಳು. ಮದುವೆಯಾಗುವ ಹುಡುಗಿ ಬರಬಾರದೆಂದು ಅತ್ತೆ ತಡೆದರು. “ಮುರಿದೋಗಿರೋದಕ್ಕೆ ಯಾವ ಶಾಸ್ತ್ರಮ್ಮ?” ಎಂದಳು. ಅತ್ತೆ ದಾರಿ ಬಿಟ್ಟರು.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ಸಾಲಾಗಿ ನಿಂತ ಲಾರಿಗಳ ನಡುವೆ ದಾರಿ ಮಾಡಿಕೊಂಡು ಮಂಡಿಗೆ ಹೋದೆವು. ಮಂಡಿಯ ಹಿಂದೆಯೇ ಅವರ ಮನೆ. ಬನಿಯನ್ನಿನಲ್ಲಿ ಕೂತಿದ್ದ ಬಸವರಾಜಪ್ಪನವರು ನಮ್ಮನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ನಮ್ಮನ್ನು ನೋಡಿದರು.

“ಏನ್ ಸ್ವಾಮಿ, ಯೋಳುದ್ ಟೈಮ್‌ಗೆ ಸರ್ಯಾಗಿ ಬಂದ್ಬುಟ್ರಲ್ಲ.”

ಮಂಗಳವಾರ. ಮೂರು ಗಂಟೆ. ಹೊರಡುವ ಗಡಿಬಿಡಿಯಲ್ಲಿ ಯಾರೂ ವಾರವನ್ನಾಗಲಿ ಹೊತ್ತನ್ನಾಗಲಿ ನೋಡಿರಲಿಲ್ಲ. ರಾಹುಕಾಲದಲ್ಲಿ ಬರುತ್ತೇವೆಂದು ಹೇಳಿ ಕಳಿಸಿದ್ದಕ್ಕೆ ಕ್ಷಮೆ ಕೇಳಲು ನಾವು ರಾಹುಕಾಲದಲ್ಲಿ ಬಂದು ನಿಂತಿದ್ದೆವು. ಆ್ಯಪಿನ ಲೆಕ್ಕ ಸರಿಯಾಗಿಯೇ ಇತ್ತು, ನಮಗೆಲ್ಲ ಬಿಡುವಿದ್ದದ್ದು ಆಗ ಮಾತ್ರ. ದೊಡ್ಡಮಾವ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಒಂದಿಡೀ ಪಂಚಾಂಗವಿತ್ತು.

ಗಾಬರಿಗೆ ನಾನು ಹೊಸ್ತಿಲಿಗೆ ಕಾಲಿಡಹೋದೆ. “ಒಳಿಕ್ ಬರ್ಬೇಡಿ!” ಎಂದು ಹುಡುಗನ ತಾಯಿ ಒಳಗಿನಿಂದ ಕೂಗಿದರು. ನಾನು ಅಲ್ಲೇ ನಿಂತು, ಹಮಾಲಿಗಳು ಮೂಟೆ ಇಳಿಸುವುದನ್ನು ಬಿಟ್ಟು ನೋಡುತ್ತಿರುವಂತೆ, ಒಂದೇ ಉಸಿರಿಗೆ ಹೇಳಿದೆ: “ತಪ್ಪು ನಂದು, ಬೇಡ ಅಂತಲ್ಲ, ನಮ್ ಸುಧಾಗೆ ನಿಮ್ ಹುಡುಗ ಬಾಳ ಇಷ್ಟ, ಫೋನ್ ಬರ್ಲಿಲ್ಲ ಅಂತ ಅವಳು ಸರಿಯಾಗಿ ಊಟ ಮಾಡಿಲ್ಲ.” ಸುಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಗ ಬಾಗಿಲ ಸಂದಿಯಿಂದ ನಾಗೇಂದ್ರ ಹೊರಗೆ ಬಂದ. ಹೊಸ ಶರಟು, ಆಗತಾನೇ ಕ್ಷೌರ ಮಾಡಿಸಿಕೊಂಡ ಮುಖ.

“ಇವ್ನು ಆ ಫೋನ್‌ನಾಗೆ ‘ಹೌದು’ ಅಂತ ಒತ್ಬುಟ್ಟಿದ್ದ” ಎಂದರು ಬಸವರಾಜಪ್ಪನವರು. “ಇನ್ ಆ ಹುಡ್ಗಿಗೆ ಫೋನ್ ಮಾಡ್ಬೇಡ ಅಂದೆ, ನಿಲ್ಸುದ. ಅವ್ರು ಬರಕ್ಕಿಲ್ಲ ಕಣ್ಲಾ, ಒಳಿಕ್ ಓಗು ಅಂದ್ರೆ, ಅದೊಂದ್ ಮಾತ್ರ ಕೇಳ್ನಿಲ್ಲ. ಬೆಳಿಗ್ಗಿಂದ ಬಾಗ್ಲಲ್ಲೇ ನಿಂತವ್ನೆ.”

ಅವರು ಮಗನನ್ನೂ ಸುಧಾಳನ್ನೂ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. ವ್ಯಾಪಾರಸ್ಥರು ವ್ಯಾಪಾರಸ್ಥರೇ. “ನೋಡಿ, ಇವತ್ತು ನೀವು ಬಂದಿರೋದು ಮನೆ ನೋಡಕ್ಕಲ್ಲ. ಈರುಳ್ಳಿ ತಗಳಕ್ಕೆ. ತಿಳೀತಾ?”

“ತಿಳೀತು” ಎಂದರು ದೊಡ್ಡಮಾವ. ರಾಹುಕಾಲ ಕಳೆಯುವವರೆಗೆ ಬೀಗರಾಗಬೇಕಾದವರೆಲ್ಲ ಈರುಳ್ಳಿ ಮೂಟೆಗಳ ಮೇಲೆ ಕೂತು ಟೀ ಕುಡಿದೆವು. ಯಾವ ಮಾತೂ ಆಡಲಿಲ್ಲವೆಂದು ಹೇಳಿಕೊಳ್ಳುತ್ತಲೇ ಎಲ್ಲ ಮಾತೂ ಮುಗಿಯಿತು. ಗಿರಾಕಿಗಳು ಬರಿಗೈಯಲ್ಲಿ ಹೋದರೆ ಜನ ಏನೆಂದುಕೊಂಡಾರೆಂದು ಮೂರು ಮೂಟೆ ತೂಗಿ ಕೊಟ್ಟರು. ಬಸ್ಸಿನ ಕಂಡಕ್ಟರು ಮೂಟೆಗಳಿಗೂ ಟಿಕೆಟ್ ಹರಿದ.

ದಾರಿಯಲ್ಲಿ ಸುಧಾ ಬಂದು ನನ್ನ ಪಕ್ಕ ಕೂತಳು. “ಅಮ್ಮ ಹಂಗಂದಾಗ ನಾನು ಸುಮ್ನಿರ್ಬಾರ್ದಿತ್ತು ಅತ್ತಿಗೆ” ಎಂದಳು. ನಾನು ಕಿಟಕಿ ಕಡೆ ತಿರುಗಿ, ಕಣ್ಣೀರಿನ ಹೊಣೆಯನ್ನು ಈರುಳ್ಳಿಯ ಮೇಲೆ ಹಾಕಿದೆ.

ಶ್ರಾವಣದಲ್ಲಿ ಮನೆ ನೋಡುವ ಶಾಸ್ತ್ರ ವಿಧಿವತ್ತಾಗಿ ನಡೆಯಿತು. ದಿನವನ್ನು ಅತ್ತೆಯೂ ಹುಡುಗನ ತಾಯಿಯೂ ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಫೋನಿನಲ್ಲೇ ಗೊತ್ತುಮಾಡಿದರಂತೆ. ನನಗೆ ಹೇಳಿದ್ದು ಆ ದಿನ ಬೆಳಿಗ್ಗೆ, ಬಾಗಿಲಿಗೆ ಗಾಡಿ ಬಂದು ನಿಂತ ಮೇಲೆ.

“ಮೊದಲೇ ಹೇಳಿದ್ರೆ ಏನಾಗ್ತಿತ್ತು?” ಎಂದು ಕೇಳಿದೆ.

“ಏನಾಯ್ತದೋ ಅಂತಾನೇ ಯೋಳ್ನಿಲ್ಲ ಕಣವ್ವ” ಎಂದರು ಅತ್ತೆ, ಪ್ರೀತಿಯಿಂದಲೇ.

ಮದುವೆಯ ದಿನವನ್ನೂ ನನಗೆ ತಿಳಿಸಿದ್ದಾರೆ. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ.