ಅಕ್ಸ್‌ಬ್ರಿಡ್ಜಿನಲ್ಲಿ ನಾನು ಮಾಡಿದ ಚೌಕಾಶಿ

ಮನೆ ಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ನನ್ನನ್ನು ಒಂದು ಮಾತು ಕೇಳಿ, ಸಂಕೋಚ ಬೇಡ. ತುಮಕೂರಿನ ಸಂತೆಯಲ್ಲಿ ಎಂಟನೇ ವಯಸ್ಸಿಗೇ ಅವರೆಕಾಯಿಯ ಬೆಲೆ ಇಳಿಸಿದವಳು ನಾನು. ನನ್ನನ್ನು ಕಂಡರೆ ಸೀರೆ ಅಂಗಡಿಯ ಕೆಲಸದವರು ತಾವು ಮಾತನಾಡದೆ ಒಳಗಿದ್ದ ಯಜಮಾನರನ್ನೇ ಕರೆಯುತ್ತಿದ್ದರು. ಲಂಡನ್ನಿಗೆ ಬಂದ ಮೇಲೂ ಬಾಯಿ ಸುಮ್ಮನಿರಲಿಲ್ಲ. ರೇನರ್ಸ್ ಲೇನಿನಲ್ಲಿ ನಮ್ಮ ಬಾಡಿಗೆ ಫ್ಲ್ಯಾಟಿನ ಕೆಳಗಿದ್ದ ದಿನಸಿ ಅಂಗಡಿಯವರು ನನಗೆ ಕೊತ್ತಂಬರಿ ಕಟ್ಟನ್ನು ಬಿಟ್ಟಿಯೇ ಕೊಟ್ಟುಬಿಡುತ್ತಿದ್ದರು. ನನ್ನೊಡನೆ ವಾದ ಮಾಡುವುದಕ್ಕಿಂತ ಅವರಿಗೆ ಅದೇ ಅಗ್ಗ.

ವಿದ್ಯೆ ದೊಡ್ಡದೇನಲ್ಲ. ಬೇಕಾದ ವಸ್ತುವನ್ನು ಹೊಗಳಬಾರದು. ಕೈಯಲ್ಲಿ ಕಾಸಿಲ್ಲವೆಂದು ಗೋಳು ಹೇಳಿಕೊಳ್ಳಬೇಕು. ಇಷ್ಟಕ್ಕೆ ಕೊಡಿ ಎಂಬ ಮಾತು ಮಾತ್ರ ನಮ್ಮ ಬಾಯಿಂದ ಮೊದಲು ಬರಕೂಡದು. ಮೊದಲು ಬಾಯಿ ಬಿಟ್ಟವರು ಸೋತರು. ಕೊನೆಗೆ ಬೆನ್ನು ತಿರುಗಿಸಿ ನಡೆದುಬಿಡಬೇಕು. ಏಳನೇ ಹೆಜ್ಜೆಯೊಳಗೆ ಹಿಂದಿನಿಂದ "ಬನ್ನಿ ಅಕ್ಕ, ಎಷ್ಟು ಕೊಡ್ತೀರಿ ಹೇಳಿ" ಎಂಬ ಕೂಗು ಬಂದೇ ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಫ್ಲ್ಯಾಟಿನ ಮಾಲೀಕರ ಮಗನಿಗೆ ಮದುವೆ ಗೊತ್ತಾಗಿ, ಆಗಸ್ಟ್ ಕೊನೆಗೆ ಖಾಲಿ ಮಾಡಿ ಎಂದರು. ಸೆಪ್ಟೆಂಬರಿಗೆ ಮಗಳು ದಿವ್ಯಾ ಶಾಲೆಗೆ ಸೇರಬೇಕು. ಶಾಲೆಯವರು ಮನೆಯ ವಿಳಾಸ ಕೇಳುತ್ತಾರೆ. ನಮ್ಮವರು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ನಾನು ನಾವಿದ್ದ ಹ್ಯಾರೋ ಸುತ್ತಲಿನ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೂಡಿಸಿದ್ದಕ್ಕೆ ಹ್ಯಾರೋದಲ್ಲಿ ಒಂದು ಗ್ಯಾರೇಜೂ ಬರುವಂತಿರಲಿಲ್ಲ. ಆಗ ನಮ್ಮವರ ಸಹೋದ್ಯೋಗಿಯೊಬ್ಬರು ಲಂಡನ್ನಿನ ಪಶ್ಚಿಮ ತುದಿಯ ಅಕ್ಸ್‌ಬ್ರಿಡ್ಜಿನಲ್ಲಿ ಒಂದು ಬೀದಿ ತೋರಿಸಿದರು. ಅಲ್ಲಿ ಮನೆಗಳು ನಮ್ಮಂಥವರ ಕೈಗೆಟುಕುತ್ತವಂತೆ.

"ಅದು ಹಳೇ ಮಾರ್ಕೆಟ್ ಟೌನು ಕಣೇ," ಎಂದರು ನಮ್ಮವರು.

ಮಾರ್ಕೆಟ್ ಟೌನ್ ಎಂದರೆ ಸಂತೆ ಊರು. ಸಂತೆ ಊರೆಂದ ಮೇಲೆ ಚೌಕಾಶಿ ಇದ್ದೇ ಇರಬೇಕು! ನಾನು ಅಲ್ಲೇ ಗೆದ್ದುಬಿಟ್ಟೆ.

ಕೆಂಪು ಇಟ್ಟಿಗೆಯ ಪುಟ್ಟ ಮನೆಗಳು ಆ ಬೀದಿಯಲ್ಲಿ ಬಸ್ಸಿನ ಸೀಟಿನಲ್ಲಿ ಒತ್ತಿಕೊಂಡು ಕೂತವರ ಹಾಗೆ ಅಂಟಿಕೊಂಡಿದ್ದವು. ಮುಂದಿನ ಕೈತೋಟ ಸ್ನಾನದ ಟವೆಲಿನಷ್ಟು. ವಿಮಾನ ನಿಲ್ದಾಣ ಹತ್ತಿರ; ಮೇಲೆ ವಿಮಾನ ಹೋದರೆ ಎಲ್ಲರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತಿದ್ದರು. ನಾವು ಕಾರಿನಿಂದ ಇಳಿದು ಮನೆ ತಲುಪುವಷ್ಟರಲ್ಲಿ ಮೂವರು, ಮಿಸೆಸ್ ಟರ್ನರ್ ಮನೆ ನೋಡಲು ಬಂದವರೇ ಎಂದು ವಿಚಾರಿಸಿದರು. ಬೀದಿಗೆ ನಮ್ಮ ವಿಷಯ ನಮಗಿಂತ ಮೊದಲೇ ಗೊತ್ತಿತ್ತು.

ಮಿಸೆಸ್ ಟರ್ನರ್ ಎಪ್ಪತ್ತು ದಾಟಿದ ವಿಧವೆ. ಮನೆ ಮಾರಿ ಸಮುದ್ರದ ಕಡೆ ಇದ್ದ ಅಕ್ಕನ ಮನೆಗೆ ಹೋಗುವವರಿದ್ದರು. ಅಡಿಗೆಮನೆಯ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಹಿಂದೆ ಉದ್ದನೆಯ ಹಿತ್ತಲು. ಇಲ್ಲಿ ಮೆಂತ್ಯ, ಅಲ್ಲಿ ಹೊಲಿಗೆ ಯಂತ್ರ ಎಂದು ಮನಸ್ಸು ಆಗಲೇ ಒಕ್ಕಲು ಬಂದುಬಿಟ್ಟಿತು. ಮುಖವನ್ನು ಮಾತ್ರ ಚರಂಡಿ ವಾಸನೆ ಬಡಿದವಳಂತೆ ಇಟ್ಟುಕೊಂಡೆ. ನಮ್ಮವರು ಪ್ರತಿ ಕೋಣೆಯಲ್ಲೂ "ಲವ್ಲಿ, ಲವ್ಲಿ" ಎನ್ನುತ್ತಿದ್ದರು. ಮೆಟ್ಟಿಲ ಮೇಲೆ ಚಿವುಟಿದೆ. ಅದಕ್ಕೂ ಲವ್ಲಿ ಎಂದರು.

ಎರಡನೇ ಭೇಟಿಗೆ ನಾನು ಸಕಲ ಸಿದ್ಧತೆ ಮಾಡಿಕೊಂಡೆ. ಬಳೆ, ಸರ ಬಿಚ್ಚಿಟ್ಟೆ. ಗೋಡೆಗೆ ಬಣ್ಣ ಬಳಿಯುವಾಗ ಹಾಕುವ, ಮೊಣಕೈ ಹರಿದ ಸ್ವೆಟರನ್ನು ನಮ್ಮವರಿಗೆ ತೊಡಿಸಿದೆ. ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿದೆವು. ಈ ಗಡಿಬಿಡಿಯಲ್ಲಿ ಮಗುವಿಗೆ ಊಟ ಹಾಕುವುದು ಮರೆತೇಹೋಯಿತು. ಮಿಸೆಸ್ ಟರ್ನರ್ ಚಹಾ, ಬಿಸ್ಕತ್ತು ತಂದಿಟ್ಟರು. ದಿವ್ಯಾ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದಳು. ನಾನು ಕನ್ನಡದಲ್ಲಿ ಮೆಲ್ಲಗೆ ಗದರಿದ್ದಕ್ಕೆ, "ಬಟ್ ಐ ಆಮ್ ಹಂಗ್ರಿ, ಅಮ್ಮ," ಎಂದಳು. ಎಲ್ಲರಿಗೂ ಕೇಳಿಸುವಂತೆ.

ಇದೇ ಸಮಯವೆಂದು ನಾನು ಗೋಳು ಶುರು ಮಾಡಿದೆ. ನಿಜವನ್ನು ಮೊದಲು ಹೇಳಿದೆ: ಆಗಸ್ಟಿಗೆ ಮನೆ ಬಿಡಬೇಕು, ಮಗುವಿನ ಶಾಲೆ. ಆಮೇಲೆ ನಾಲಿಗೆಯ ಲಗಾಮು ಬಿಟ್ಟೆ. ಸಂಬಳ ಸಾಲದು, ಊರಿಗೆ ಕಳಿಸಬೇಕು, ಚಳಿಗಾಲದಲ್ಲಿ ಒಂದೇ ಕೋಣೆಗೆ ಹೀಟರ್. ಅಷ್ಟಕ್ಕೂ ಮುದುಕಿ ಬೆಲೆಯ ಮಾತೆತ್ತದಿದ್ದಾಗ, ನಾದಿನಿಯ ಮದುವೆ ಬೇರೆ ತಲೆಯ ಮೇಲಿದೆ, ಹುಡುಗಿಗೆ ವಯಸ್ಸು ಮೀರುತ್ತಿದೆ ಎಂದೆ. ನಮ್ಮವರಿಗೆ ಅಕ್ಕತಂಗಿಯರಿಲ್ಲ. ತಮಗೊಬ್ಬಳು ತಂಗಿ ಇರುವುದು ಅವರಿಗೆ ಆಗಲೇ ತಿಳಿದದ್ದು.

ಮಿಸೆಸ್ ಟರ್ನರ್ ಕಣ್ಣಲ್ಲಿ ನೀರು ಬಂತು. ಇನ್ನು ಬೆಲೆ ಇಳಿಯುವುದೊಂದೇ ಬಾಕಿ. ಫೋನ್ ನಂಬರು, ವಿಳಾಸ ಬರೆದುಕೊಟ್ಟು, "ನಮ್ಮ ಯೋಗ್ಯತೆಗೆ ಇದಲ್ಲ ಬಿಡಿ," ಎಂದು ಎದ್ದು ಬೆನ್ನು ತಿರುಗಿಸಿ ನಡೆದೆ. ಒಂದು, ಎರಡು, ಮೂರು. ಆರನೆಯದಕ್ಕೆ ನಡಿಗೆ ನಿಧಾನ ಮಾಡಿದೆ. ಏಳನೆಯದಕ್ಕೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೇಬಿಟ್ಟೆ.

ಹಿಂದೆ ಬಾಗಿಲು ಮುಚ್ಚಿಕೊಂಡಿತು. ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ.

"ಅಲ್ಲ ಕಣೇ, ಇಲ್ಲಿಯವರು ಹೇಳಿದ್ದನ್ನ ನಂಬ್ತಾರೆ," ಎಂದರು ನಮ್ಮವರು.

ಇಂಗ್ಲೆಂಡ್ ತಣ್ಣನೆಯ ದೇಶ, ಇಲ್ಲಿ ಹೆಜ್ಜೆಯ ಲೆಕ್ಕವನ್ನು ದಿನದಲ್ಲಿ ಇಡಬೇಕು ಎಂದು ಅವರಿಗೆ ತಿಳಿಹೇಳಿದೆ. ಏಳು ದಿನದೊಳಗೆ ಫೋನ್ ಬರುತ್ತದೆ. ಮೊದಲ ದಿನ ಬರಲಿಲ್ಲ. ಎರಡನೇ ದಿನದಿಂದ ಮನೆಯಲ್ಲಿ ಯಾರೂ ಫೋನ್ ಮುಟ್ಟುವಂತಿರಲಿಲ್ಲ. ಮೂರನೇ ದಿನ ರವಿಕೆಯೊಂದಕ್ಕೆ ಎರಡೂ ತೋಳನ್ನು ಒಂದೇ ಕಡೆಗೆ ಹೊಲಿದೆ. ಐದನೇ ದಿನ ರಿಸೀವರ್ ಎತ್ತಿ ಸದ್ದಿದೆಯೇ ಎಂದು ನೋಡಿದೆ; ಇತ್ತು. ಅದರಿಂದ ಇನ್ನೂ ಸಂಕಟವಾಯಿತು. ಮಾಲೀಕರ ಮಗ ಆಗಲೇ ನಮ್ಮ ಫ್ಲ್ಯಾಟಿಗೆ ಪರದೆಯ ಬಣ್ಣ ಆರಿಸುತ್ತಿದ್ದಾನೆಂದು ಸುದ್ದಿ ಬಂತು. ನನ್ನ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಏಳನೇ ದಿನ ಶನಿವಾರ, ಮಧ್ಯಾಹ್ನ ಎರಡಕ್ಕೆ, ಬಾಗಿಲ ಬೆಲ್ ಆಯಿತು. ಮಿಸೆಸ್ ಟರ್ನರ್ ಪಕ್ಕದ ಮನೆಯ ರಾನ್, ನಿವೃತ್ತ ಬಸ್ ಡ್ರೈವರ್, ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿ ನಿಂತಿದ್ದರು. ಒಳಗೆ ಬೀನ್ಸ್ ಡಬ್ಬಿಗಳು, ಸೂಪು, ಮಗುವಿನ ಕೋಟು, ಕೈಯಲ್ಲಿ ಹೆಣೆದ ಗವಸು, ಪುಟ್ಟದೊಂದು ಹೀಟರ್. ಬೀದಿಯವರೆಲ್ಲ ಸೇರಿ ಕೊಟ್ಟದ್ದಂತೆ.

"ನಾಚ್ಕೋಬೇಡಿ," ಎಂದರು ರಾನ್. "ನಮ್ಮ ಬೀದಿಯಲ್ಲಿ ಎಲ್ಲರೂ ಇಂಥ ದಿನ ಕಂಡವರೇ."

ಪೆಟ್ಟಿಗೆಯ ತಳದಲ್ಲಿ ಪತ್ರವಿತ್ತು. ನಿಮ್ಮಂಥ ಕಷ್ಟದ ಸಂಸಾರದ ತಲೆಗೆ ಇಷ್ಟು ದೊಡ್ಡ ಸಾಲ ಕಟ್ಟಲು ನನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ಮಿಸೆಸ್ ಟರ್ನರ್ ಬರೆದಿದ್ದರು. ಜೊತೆಗೆ ಬಡವರಿಗೆ ಕೌನ್ಸಿಲ್ ಕೊಡುವ ಮನೆಯ ಅರ್ಜಿ. ಅದರಲ್ಲಿ ನನ್ನ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಅವರೇ ತುಂಬಿದ್ದರು. ಮನೆ ನೋಡಲು ಬೇರೆ ಒಂದು ಜೋಡಿ ಇವತ್ತು ನಾಲ್ಕಕ್ಕೆ ಬರುತ್ತಿದೆ, ಮಿಸೆಸ್ ಟರ್ನರ್ ಅವರಿಗೇ ಹೂಂ ಎನ್ನುತ್ತಾರೆ ಎಂದು ರಾನ್ ಹೇಳಿ ಹೋದರು.

ಉಳಿದದ್ದು ಎರಡೇ ಗಂಟೆ! ಬಡತನ ತೋರಿಸಿದ ಕೈಯಲ್ಲೇ ಈಗ ಸಿರಿತನ ತೋರಿಸಬೇಕಿತ್ತು. ಮದುವೆಯ ರೇಷ್ಮೆ ಸೀರೆ ಉಟ್ಟೆ. ಇದ್ದಬದ್ದ ಚಿನ್ನವನ್ನೆಲ್ಲ ಹೇರಿಕೊಂಡೆ. ನಮ್ಮವರಿಗೆ ಸೂಟು. ಶನಿವಾರದ ಟ್ರಾಫಿಕ್ಕಿನಲ್ಲಿ ಪ್ರತಿ ಸಿಗ್ನಲೂ ನಮ್ಮನ್ನು ಕಂಡೇ ಕೆಂಪಾಯಿತು. ಕಾರನ್ನು ಈ ಸಲ ಗೇಟಿಗೆ ತಾಗಿಸಿ ನಿಲ್ಲಿಸಿದಾಗ ಮೂರೂಮುಕ್ಕಾಲು.

ಬಾಗಿಲು ತೆರೆದ ಮಿಸೆಸ್ ಟರ್ನರ್ ನನ್ನ ಕತ್ತು ನೋಡಿ ಬಾಯಿಗೆ ಕೈ ಅಡ್ಡ ಇಟ್ಟರು.

"ಬೇಡ ಡಿಯರ್. ನನ್ನ ಮನೆಗೋಸ್ಕರ ನಿಮ್ಮ ಮದುವೆ ಒಡವೆ ಮಾರಬೇಡಿ."

ಮನೆ ಮಾರಿಸುವ ಏಜೆಂಟ್ ಹಾಕಿದ್ದ ಬೆಲೆಯನ್ನು ಪೂರ್ತಿ ಕೊಡುತ್ತೇನೆ ಎಂದೆ. ಅವರು ನನ್ನ ಕೈ ಸವರಿದರು. ಅದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದೆ. ಇನ್ನೊಂದು ಕೈಯನ್ನೂ ಸವರಿದರು. ನಾನು ಏರಿಸಿದಷ್ಟೂ ಅವರ ಕನಿಕರ ಏರಿತು. ನನಗೆ ನಾನೇ ಬೆಲೆ ಏರಿಸಿಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು, ಅದನ್ನೂ ಕೊಂಡುಕೊಳ್ಳುವವರಿರಲಿಲ್ಲ. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಬೆಲ್ ಆಯಿತು. ನನ್ನ ಮೆಂತ್ಯ, ಹೊಲಿಗೆ ಯಂತ್ರ, ದಿವ್ಯಾಳ ಶಾಲೆ ಎಲ್ಲ ಒಟ್ಟಿಗೆ ಕೈತಪ್ಪುವುದರಲ್ಲಿದ್ದವು.

ನಮ್ಮವರು ಮುಂದೆ ಬಂದರು. "ನಾವು ಬಡವರಲ್ಲ, ಮಿಸೆಸ್ ಟರ್ನರ್. ನನ್ನ ಹೆಂಡತಿ ಚೌಕಾಶಿ ಮಾಡ್ತಿದ್ದಳು."

ಮೇಲೊಂದು ವಿಮಾನ ಹೋಯಿತು. ಅದು ದಾಟುವಷ್ಟರಲ್ಲಿ ಮಿಸೆಸ್ ಟರ್ನರ್ ನನ್ನ ಎರಡೂ ಕೈ ಬಿಟ್ಟಿದ್ದರು.

"ನಿಮ್ಮ ನಾದಿನಿ?" ಎಂದರು.

ನಾದಿನಿ ಇಲ್ಲ ಎಂದೆ.

"ಭಾನುವಾರ ಚರ್ಚಿನಲ್ಲಿ ಅವಳಿಗೋಸ್ಕರ ಎಲ್ಲರ ಕೈಲೂ ಪ್ರಾರ್ಥನೆ ಮಾಡಿಸಿದೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದಕ್ಕೆ ನೆಲ ಎಷ್ಟು ಬೆಲೆ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ.

ಅವರು ಎದ್ದು ಹೋಗಿ ಆ ಜೋಡಿಯನ್ನು ಮುಂದಿನ ಕೋಣೆಯಲ್ಲಿ ಕೂರಿಸಿ ಬಂದರು. ಆಗಸ್ಟಿಗೆ ಮನೆ ಬಿಡಬೇಕಾದದ್ದು ನಿಜವೇ ಎಂದು ಕೇಳಿದರು. ನಿಜ. ಮಗುವಿನ ಶಾಲೆ? ಅದೂ ನಿಜ. ಆ ಜೋಡಿ ಹುಡುಗಿಯ ತಾಯಿಯ ಮನೆಯಲ್ಲಿದೆ, ಅವರಿಗೆ ಅವಸರವಿಲ್ಲ, ಹಾಗಾಗಿ ಮನೆ ನಿಮಗೇ ಎಂದರು. ನಾನು ಉಸಿರು ಬಿಟ್ಟೆ.

"ಆದರೆ ಏಜೆಂಟ್ ಹಾಕಿರೋ ಬೆಲೆಗೇ," ಎಂದರು. "ಮೊದಲ ದಿನವೇ ಅವನು ಹೇಳಿದ್ದ, ಬಂದವರೆಲ್ಲ ಸ್ವಲ್ಪ ಬಿಡಿ ಅಂತ ಕೇಳ್ತಾರೆ, ಕೇಳಿದರೆ ಬಿಟ್ಟುಬಿಡಿ ಅಂತ. ನಾನು ಎಷ್ಟು ಬಿಡಬೇಕು ಅಂತಾನೂ ಬರೆದಿಟ್ಟುಕೊಂಡು ಕಾದೆ. ನೀವು ಅಷ್ಟೆಲ್ಲಾ ಮಾತಾಡಿದಿರಿ. ಅದೊಂದು ಕೇಳಲೇ ಇಲ್ಲ."

ವಾಪಸ್ಸು ಬರುವಾಗ ನಮ್ಮವರು ಕಾರಿನಲ್ಲಿ ಏನೂ ಹೇಳಲಿಲ್ಲ. ರೇನರ್ಸ್ ಲೇನ್ ಬರುವವರೆಗೂ ಹೇಳಲಿಲ್ಲ. ಏನಾದರೂ ಅಂದಿದ್ದರೆ ಜಗಳ ಆಡಿ, ನನ್ನ ತಪ್ಪನ್ನು ಅರ್ಧಕ್ಕಾದರೂ ಇಳಿಸಿಕೊಳ್ಳುತ್ತಿದ್ದೆ.