ಇಲಿಗೂ ಒಂದು ನಕಲು

ನನ್ನ ವಾರಗಿತ್ತಿ ಇದ್ದಾಳೆ ಅಂತ ನಮ್ಮ ಕಡೆಯವರು ಸಾಯುವುದಕ್ಕೂ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ! ವಾರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಯಾರದಾದರೂ ಉಸಿರು ನಿಂತ ಹತ್ತು ನಿಮಿಷಕ್ಕೆ ಬಾಗಿಲಲ್ಲಿರುತ್ತಾಳೆ. ಬಂದವಳು ಹೆಣದ ಮುಖ ನೋಡುವುದಿಲ್ಲ, ಅಳುವವರನ್ನು ತಬ್ಬಿಕೊಳ್ಳುವುದಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ, ದಿನದ ಕ್ಯಾಲೆಂಡರಿನಿಂದ ಅವತ್ತಿನ ಹಾಳೆ ಹರಿದು, ನಾಲ್ಕಾಗಿ ಮಡಿಸಿ, ರವಿಕೆಯೊಳಗೆ ಸೇರಿಸುತ್ತಾಳೆ. ಅಳು ಆಮೇಲೆ. ಆ ಅಳುವೂ ಚೆನ್ನಾಗಿಯೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ಸಲ ಗಂಗಾನಗರದಲ್ಲಿ ನಮ್ಮ ದೊಡ್ಡಮಾವ ತಲೆ ಸುತ್ತಿ ಬಿದ್ದರು. ಹೋದರು ಅಂದುಕೊಂಡು ಮನೆಮಂದಿಯೆಲ್ಲ ಬಾಯಿ ಬಡಿದುಕೊಂಡರು. ಇವಳು ಹಾಳೆ ಹರಿದೇ ಬಿಟ್ಟಳು. ಅಷ್ಟರಲ್ಲಿ ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ದೊಡ್ಡಮಾವ ಕಣ್ಣು ಬಿಟ್ಟರು. ಎದ್ದು ಕೂತು ಗೋಡೆ ನೋಡಿದರು, ಇವಳನ್ನು ನೋಡಿದರು.

“ಆಳೆ ವಾಪಸ್ ಅಂಟಿಸಮ್ಮ ತಾಯಿ, ರಾಹುಕಾಲ ನೋಡ್ಬೇಕು!”

ಆಮೇಲೆ ಏಳು ವರ್ಷ ಬದುಕಿದರು. ಆ ಏಳು ವರ್ಷವೂ ಮದುವೆ ಮನೆಗಳಲ್ಲಿ ಇವಳು ಕೂತ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ಹಾಳೆ ಯಾತಕ್ಕೆ ಅಂತೀರಾ? ನಮ್ಮಲ್ಲಿ ಸಾವನ್ನು ಯಾರೂ ತಾರೀಖಿನಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ. ಯುಗಾದಿಗೆ ಎಂಟು ದಿನ ಮುಂಚೆ, ಗೌರಿ ಹಬ್ಬದ ಮಾರನೇ ದಿನ, ಹೀಗೆ. ಸರ್ಕಾರಿ ಆಫೀಸಿನವರಿಗೆ ಗೌರಿ ಬೇಡ, ತಾರೀಖು ಬೇಕು. ಅದು ಇರುವುದು ಇವಳ ರವಿಕೆಯಲ್ಲಿ! ಹಾಗಾಗಿ ಬ್ಯಾಟರಾಯನಪುರದಿಂದ ಯಲಹಂಕದವರೆಗೆ ನೆಂಟರಲ್ಲಿ ಯಾರಿಗೆ ಮರಣದ ದಾಖಲೆ ಬೇಕಾದರೂ ಇವಳನ್ನೇ ಕರೆದುಕೊಂಡು ಹೋಗುತ್ತಾರೆ. ಇವಳು ಮದುವೆಗೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು ಹೊರಡುತ್ತಾಳೆ. ಸಾವಿನ ಕಾಗದ ತರುವುದಕ್ಕೆ ರೇಷ್ಮೆ ಸೀರೆ! ಆಫೀಸಿನವರೋ, ಕುರ್ಚಿ ಎಳೆದು ಹಾಕಿ ಫ್ಯಾನು ಇವಳ ಕಡೆ ತಿರುಗಿಸುತ್ತಾರಂತೆ. ಕೊಟ್ಟ ನಕಲಿನ ಮೇಲೆ ಬೆರಳಾಡಿಸಿ, “ಮೊಹರು ಸರ್ಯಾಗ್ ಬಿದ್ದಿಲ್ಲ ಕಣಪ್ಪ, ಇನ್ನೊಂದ್ ಸಲ ಕುಟ್ಟು” ಅನ್ನುತ್ತಾಳಂತೆ. ಅವರು ಕುಟ್ಟುತ್ತಾರಂತೆ!

ಯಾವ ಸಾವಾದರೂ ಐದು ನಕಲು ತೆಗೆಸುತ್ತಾಳೆ. ಕಡಿಮೆ ಇಲ್ಲ, ಹೆಚ್ಚಿಲ್ಲ. ಯಾಕೆ ಐದು ಅಂತ ಕೇಳಿದರೆ ಬೆರಳು ಮಡಿಸುತ್ತಾಳೆ.

“ಒಂದು ಕೊಡಾಕೆ, ಒಂದು ಕಳಿಯಾಕೆ, ಒಂದು ಜಗಳಕ್ಕೆ, ಒಂದು ಇಲಿಗೆ, ಒಂದು ನಂಗೆ.”

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ. ನಾನು ಮೂರನೇ ಕ್ಲಾಸು ಓದಿದವಳು, ಅವಳು ಎರಡನೇ ಕ್ಲಾಸು. ನಾನು ಹಿರಿ ಸೊಸೆ, ಅವಳು ಕಿರಿಯವಳು. ನನ್ನ ಗಂಡ ಹೋಗಿದ್ದಾರೆ, ಅವಳ ಗಂಡ ಗುಂಡುಕಲ್ಲಿನ ಹಾಗೆ ಕೂತು ಮುದ್ದೆ ನುಂಗುತ್ತಿದ್ದಾನೆ. ಆದರೂ ಕಷ್ಟ ಅಂದರೆ ಎಲ್ಲರ ಬಾಯಲ್ಲೂ ಅವಳ ಹೆಸರೇ! ನನ್ನನ್ನು ಕರೆಯುವುದು ಉಪ್ಪಿನಕಾಯಿ ಹಾಕುವುದಕ್ಕೆ ಮಾತ್ರ.

ಹಳೆಯ ಸಿಟ್ಟೊಂದು ಬೇರೆ ಇದೆ. ನನ್ನ ಮೊದಲ ಹೆಣ್ಣುಮಗು ಹುಟ್ಟಿದ ಎಂಟನೇ ದಿನಕ್ಕೆ ಹೋಯಿತು. ಆಗಿನ ಕಾಲದಲ್ಲಿ ಎಷ್ಟೋ ಮನೆಯಲ್ಲಿ ಹೋಗುತ್ತಿದ್ದವು, ಅದು ಬೇರೆ ಮಾತು. ಅವತ್ತು ಬಾಣಂತಿ ಕೋಣೆಯ ಕಿಟಕಿಯಲ್ಲಿ ನೋಡುತ್ತೇನೆ, ಈ ಹೊಸ ಮದುವಣಗಿತ್ತಿ ಧಾರೆಯ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬೀದಿಯಲ್ಲಿ ಟಕಟಕ ಹೋಗುತ್ತಿದ್ದಾಳೆ! ನಲವತ್ತು ವರ್ಷ ದಾಟಿತು. ಆ ಹಸಿರು ಬಣ್ಣ ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಹೀಗಿರುವಾಗ ಮನೆಗೆ ಇ-ಖಾತೆ ಮಾಡಿಸಬೇಕು ಅಂತ ಶುರುವಾಯಿತು. ಮನೆ ಇನ್ನೂ ನನ್ನ ಗಂಡನ ಹೆಸರಿನಲ್ಲೇ ಇತ್ತು. ನನ್ನ ಹೆಸರಿಗೆ ಬರಬೇಕಾದರೆ ಅವರ ಮರಣದ ದಾಖಲೆ ಕೊಡಬೇಕು. ಅವರು ಹೋದಾಗ ಮಗ ತಂದಿದ್ದ ಒಂದೇ ಒಂದು ಪತ್ರ, ಮನೆಗೆ ಬಣ್ಣ ಹೊಡೆಸಿದಾಗ ಎಲ್ಲೋ ಕಳೆದುಹೋಗಿತ್ತು.

“ಅದಕ್ಯಾಕೆ ಯೋಚ್ನೆ ಅತ್ತೆ? ಚಿಕ್ಕತ್ತೆ ಹತ್ರ ಇದ್ದೇ ಇರುತ್ತೆ, ಕೇಳೋಣ” ಅಂದಳು ಸೊಸೆ.

“ಸತ್ತಿದ್ದು ನನ್ ಗಂಡ ಕಣೇ! ನನ್ ಗಂಡನ ಕಾಗದಾನ ಅವಳ ಅತ್ರ ಓಗಿ ಬೇಡ್ಲಾ? ನಾನೇ ತರ್ತೀನಿ.”

ತರುತ್ತೇನೆ ಅಂದದ್ದೇನೋ ಸರಿ. ಬೀರುವಿನಿಂದ ನನ್ನ ರೇಷ್ಮೆ ಸೀರೆ ತೆಗೆದು ಉಟ್ಟೆ. ಅವಳಿಗಿಂತ ನಾಲ್ಕು ಬೆರಳು ಅಗಲದ ಜರಿ! ಆಫೀಸಿನಲ್ಲಿ ಯಾರೂ ಕುರ್ಚಿ ಎಳೆಯಲಿಲ್ಲ. ಸಾಲಿನಲ್ಲಿ ನನ್ನ ಹಿಂದಿದ್ದವನು, “ಅಜ್ಜಿ, ಮದ್ವೆ ನೋಂದಣಿ ಪಕ್ಕದ್ ಬಿಲ್ಡಿಂಗು” ಅಂದ.

ಗಂಟೆ ಕಾದ ಮೇಲೆ ಕಿಟಕಿ ಸಿಕ್ಕಿತು. ಒಳಗೆ ಒಬ್ಬ ಹುಡುಗಿ.

“ತೀರ್ಕೊಂಡಿದ್ದು ಯಾವ ತಾರೀಖು ಅಜ್ಜಿ?”

“ಶಿವರಾತ್ರಿ ಆಗಿ ಮೂರನೇ ದಿನ. ಬೆಳಗಿನ ಕಾಫಿ ಅರ್ಧ ಕುಡ್ದಿದ್ರು.”

“ಕಾಫಿ ಬೇಡ ಅಜ್ಜಿ. ಯಾವ ವರ್ಷ?”

“ಮೊಮ್ಮಗಳು ಬೇಬಿ ಕ್ಲಾಸಿಗೆ ಸೇರಿದ ವರ್ಷ.”

ಪಾಪ, ಒಳ್ಳೆಯ ಹುಡುಗಿ. ಮೊಮ್ಮಗಳ ವಯಸ್ಸು ಕೇಳಿ, ಕಳೆದು, ಫೋನಿನಲ್ಲಿ ಆ ವರ್ಷದ ಶಿವರಾತ್ರಿ ಹುಡುಕಿ ತಾರೀಖು ಬರೆದುಕೊಟ್ಟಳು. ನಾನೂ ಗತ್ತಿನಿಂದ, “ಐದು ನಕಲು” ಅಂದೆ. ವಾರ ಬಿಟ್ಟು ಬರಲು ಹೇಳಿದಳು. ಆ ವಾರವೆಲ್ಲ ನಾನು ಮನೆಯಲ್ಲಿ ನೆಲದ ಮೇಲೆ ನಡೆಯಲಿಲ್ಲ!

ವಾರದ ಮೇಲೆ ಕೈಗೆ ಬಂದದ್ದು ಒಂದೇ ಕಾಗದ. ಕೂಡಿಸಿ ಕೂಡಿಸಿ ಓದಿದೆ. ಹೇಳಿದ ವರ್ಷದಲ್ಲಿ ಈ ಹೆಸರಿನವರ ಮರಣ ನೋಂದಣಿಯಾಗಿರುವುದು ಕಂಡುಬಂದಿಲ್ಲ ಅಂತಿತ್ತು. ಕೆಳಗೆ ಸಹಿ, ಮೊಹರು. ಮೊಹರು ಮಾತ್ರ ಸರಿಯಾಗಿ ಬಿದ್ದಿತ್ತು.

“ಸತ್ತಿಲ್ಲ ಅಂತೀಯೇನಮ್ಮ? ಆಗಿದ್ರೆ ಮನೆಗ್ ಕಳ್ಸು. ಬೆಳಿಗ್ಗೆ ಆಲು ತರಾಕೆ ಜನ ಇಲ್ಲ!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ಹೇಳಿದರೆ ಸೊಸೆಯೂ ನಕ್ಕಳು.

“ಅತ್ತೆ, ಇವ್ಳು ಬೇಬಿ ಕ್ಲಾಸಿಗೆ ಎರಡು ಸಲ ಸೇರಿದ್ಲು. ಮೊದಲ್ನೇ ವರ್ಷ ಅತ್ತೂ ಅತ್ತೂ ಬಿಟ್ಬಂದಿದ್ಲಲ್ಲ!”

ನಾನು ಲೆಕ್ಕ ಹಿಡಿದದ್ದು ಯಾವ ಸಲದ್ದು? ನಮ್ಮವರು ಹೋದದ್ದು ಯಾವ ಸಲ? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಸೊಸೆ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಮೆಟ್ಟಿದೆ. ಖಾತೆ ಆಗಬೇಕಲ್ಲ, ಏನು ಮಾಡುವುದು?

ಬ್ಯಾಟರಾಯನಪುರದ ಮನೆಯಲ್ಲಿ ವಾರಗಿತ್ತಿ ಅವರೆಕಾಯಿ ಸುಲಿಯುತ್ತಿದ್ದಳು.

“ಬಾ ಅಕ್ಕ. ಸೀರೆ ಬಾಳ ಚೆನ್ನಾಗಿತ್ತಂತೆ?”

ನೋಡಿದಿರಾ! ಆಫೀಸಿನವರು ಆಗಲೇ ಫೋನು ಮಾಡಿ ಹೇಳಿದ್ದರು. ಬಂದದ್ದು ಯಾಕೆ ಅಂತ ಅವಳು ಕೇಳಲೂ ಇಲ್ಲ. ಮಂಚದ ಕೆಳಗಿನಿಂದ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಎಳೆದು, ಎರಡು ನಿಮಿಷದಲ್ಲಿ ನನ್ನ ಗಂಡನನ್ನು ತೆಗೆದು ಕೈಗಿಟ್ಟಳು. ಕ್ಯಾಲೆಂಡರ್ ಹಾಳೆ, ಅದಕ್ಕೆ ಗುಂಡುಸೂಜಿ ಚುಚ್ಚಿದ ಐದು ನಕಲು. ನಾನು ಹೇಳಿದ್ದು ಒಂದು ವರ್ಷ ತಪ್ಪಾಗಿತ್ತು.

“ಕೂತಿರು, ಕಾಫಿ ತರ್ತೀನಿ” ಅಂತ ಒಳಗೆ ಹೋದಳು.

ಕೆಲಸ ಆಯಿತಲ್ಲ, ಸುಮ್ಮನೆ ಕೂರಬೇಕಿತ್ತು. ಆದರೆ ಹೊಟ್ಟೆಕಿಚ್ಚು ಸುಮ್ಮನೆ ಕೂರಲು ಬಿಡುತ್ತದೆಯೇ? ಒಂದಾದರೂ ಹರಿದಿರಲಿ, ಒಂದನ್ನಾದರೂ ಇಲಿ ತಿಂದಿರಲಿ ಅಂತ ಡಬ್ಬ ಕೆದಕಿದೆ. ಅತ್ತೆ, ಮಾವ, ದೊಡ್ಡಮಾವ, ಎಲ್ಲರೂ ನೆಟ್ಟಗಿದ್ದರು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಹಾಳೆ, ಹಳದಿಯಾಗಿ ಅಂಚೆಲ್ಲ ಪುಡಿಯಾಗಿತ್ತು. ಅದರ ಹಿಂದಿನ ನಕಲು ಬಿಡಿಸಿ ಓದಿದೆ. ಹೆಸರು: ಇಟ್ಟಿಲ್ಲ. ಹೆಣ್ಣು. ವಯಸ್ಸು: ಎಂಟು ದಿನ. ತಾಯಿಯ ಹೆಸರಿನ ಮುಂದೆ ನನ್ನ ಹೆಸರಿತ್ತು.

ಅವಳು ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

“ಎಂಟು ದಿನದ್ ಎಣ್ಮಗೂನ ಬರೆಸೋದೇನಿದೆ ಅಂದ್ರು ಮಾವ” ಅಂದಳು. “ನಂಗೆ ಯಾಕೋ ತಡೀಲಿಲ್ಲ ಕಣಕ್ಕ. ಉಟ್ಟು ಸಾವು ಬರ್ಕೊಳೋ ಲೆಕ್ಕಿಗರ ಮನೆಗೆ ನಾನೇ ಓಗಿ ಏಳ್ದೆ. ಅಳೇ ಸೀರೆ ಉಟ್ಕೊಂಡ್ ಓದ್ರೆ ಕೂಲಿಯೋಳು ಅಂತ ಓಡಿಸ್ತಾರೆ ಅಂತ ಧಾರೆ ಸೀರೆ ಉಟ್ಟಿದ್ದೆ.”

ಹಸಿರು ಸೀರೆ. ನಾನು ಕಾಗದ ಎಣಿಸಿದೆ.

“ಇದಕ್ಕೂ ಐದಾ? ಇದನ್ನ ಯಾರಿಗ್ ಕೊಡೋದಿತ್ತು? ಯಾರು ಜಗಳ ಆಡ್ತಿದ್ರು?”

“ಯಾರೂ ಇಲ್ಲ. ಆಗ ಒಂದೇ ತಂದಿದ್ದೆ. ಆಮೇಲೆ ಎಲ್ರಿಗೂ ಐದು ತೆಗ್ಸಿ ಅದಕ್ ಮಾತ್ರ ಒಂದು ಅಂದ್ರೆ ಸರಿ ಬರಲ್ಲ ಅನ್ನಿಸ್ತು, ಇನ್ನಾಲ್ಕು ತೆಗ್ಸಿದೆ.”

“ಇಷ್ಟ್ ವರ್ಸ ಯಾಕ್ ಏಳಿಲ್ಲ?”

“ನೀನ್ ಯಾವತ್ತು ಕೇಳ್ದೆ? ನಿನ್ ಮುಂದೆ ಬಾಯಿ ಬಿಡಾಕೆ ನಂಗ್ ಭಯ ಕಣಕ್ಕ.”

ಕಾಫಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು, ಹೇಳಲಿಲ್ಲ. ಮಗುವಿನ ನಾಲ್ಕು ನಕಲು ನನ್ನ ಗಂಡನ ಕಾಗದದ ಜೊತೆ ಸೇರಿಸಿ ಚೀಲಕ್ಕೆ ಹಾಕಿಕೊಂಡೆ. ಐದನೆಯದನ್ನು ಹಾಳೆಗೆ ಚುಚ್ಚಿ ಡಬ್ಬದ ಅಡಿಯಲ್ಲೇ ಇಟ್ಟೆ. ಅದು ಅವಳದು.

ಈಗ ಖಾತೆ ನನ್ನ ಹೆಸರಿಗೆ ಆಗಿದೆ. ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳಬೇಡಿ, ಮೊದಲಿಗಿಂತ ಜಾಸ್ತಿಯಾಗಿದೆ. ನನ್ನ ಮಗು ಹೋದ ತಾರೀಖು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.