ಐದು ಸೆಕೆಂಡಿನ ನಂತರ ಬಂದ ಮಾತನ್ನು ವಿಲೇವಾರಿ ಮಾಡುವ ಕುರಿತು

ಮಾತಿನ ಪರೀಕ್ಷಾ ವಿಭಾಗ, ಅಧೀಕ್ಷಕರ ಕಚೇರಿ, ಮೂರನೇ ಮಹಡಿ
ಸಂಖ್ಯೆ: ಮಾಪವಿ/ಮೌನ/೪೧/ತಡ

ವಿಷಯ: ಮಿದುಳಿನ ಆಘಾತದಿಂದ ಮಾತು ಕುಂಠಿತವಾದವರಿಗೆ ಚಿತ್ರ ತೋರಿಸಿ ಹೆಸರು ಕೇಳುವಾಗ ಪಾಲಿಸಬೇಕಾದ ಶಿಸ್ತು, ಹಾಗೂ ಲಿಫ್ಟಿನಲ್ಲಿ ಮಾತನಾಡಿದ ರೋಗಿಯ ಬಗ್ಗೆ.

ಉಲ್ಲೇಖ:
(ಅ) ಹದಿನಾಲ್ಕನೇ ಹಾಸಿಗೆಯ ರೋಗಿಯ ಪತ್ನಿಯ ಅರ್ಜಿ (ಎರಡು ಪುಟ, ಒಂದೇ ವಾಕ್ಯ).
(ಆ) ಲಿಫ್ಟ್ ಆಪರೇಟರರ ಹೇಳಿಕೆ.
(ಇ) ಸದರಿ ಲಿಫ್ಟ್, ಎರಡು ಮತ್ತು ಮೂರನೇ ಮಹಡಿಗಳ ನಡುವೆ, ಇಪ್ಪತ್ತಾರು ನಿಮಿಷ.

ಇಪ್ಪತ್ತು ಚಿತ್ರಗಳ ಪರೀಕ್ಷೆಯಲ್ಲಿ ಚಿತ್ರವೊಂದಕ್ಕೆ ಐದು ಸೆಕೆಂಡು ನಿಗದಿಯಾಗಿದ್ದು, ಮೂರು ಬಾರಿ ಸೊನ್ನೆ ಪಡೆದವರಿಗೆ 'ಇನ್ನು ಮಾತು ಬರುವ ಸಂಭವವಿಲ್ಲ' ಎಂದು ಬರೆದುಕೊಟ್ಟು, ತರಬೇತಿ ನಿಲ್ಲಿಸಿ ಮನೆಗೆ ಕಳುಹಿಸುವುದು ವಾಡಿಕೆಯಾಗಿದೆ. ಹದಿನಾಲ್ಕನೇ ಹಾಸಿಗೆಯ ರೋಗಿ ವೃತ್ತಿಯಿಂದ ದರ್ಜಿ. ಮೂರು ಬಾರಿಯೂ ಸೊನ್ನೆ. ಆದೇಶ ಸಿದ್ಧವಾಗಿ, ಕೆಳಗೆ ಸಹಿ ಮಾಡಿರುವ ಅಧೀಕ್ಷಕರ ಸಹಿಯೊಂದೇ ಬಾಕಿ ಇತ್ತು. ಅಷ್ಟರಲ್ಲಿ ಲಿಫ್ಟ್ ಕೆಟ್ಟಿತು. ಈ ಹಿನ್ನೆಲೆಯಲ್ಲಿ ಎಲ್ಲ ಪರೀಕ್ಷಕರಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಪರೀಕ್ಷೆಯ ವೇಳೆ ರೋಗಿಯ ಹೆಂಡತಿ, ಗಂಡ, ಅತ್ತಿಗೆ, ಷಡ್ಡಕ ಇತ್ಯಾದಿಯವರು ಉತ್ತರ ಹೇಳಿಕೊಡುವಂತಿಲ್ಲ. ತುಟಿ ಅಲ್ಲಾಡಿಸುವುದು, ಹುಬ್ಬು ಹಾರಿಸುವುದು ಹಾಗೂ ಕೆಮ್ಮುವುದು ಉತ್ತರ ಹೇಳಿಕೊಟ್ಟಂತೆಯೇ ಸರಿ. ನಿಜವಾಗಿಯೂ ಕೆಮ್ಮು ಇರುವವರು ಶ್ವಾಸಕೋಶ ವಿಭಾಗದಿಂದ ಪ್ರಮಾಣಪತ್ರ ತರತಕ್ಕದ್ದು.

೨. ಉಲ್ಲೇಖ (ಅ)ರಲ್ಲಿ ಪತ್ನಿಯು, "ನಮ್ಮ ಯಜಮಾನ್ರಿಗೆ ಮಾತು ಬರುತ್ತೆ ಸ್ವಾಮಿ, ತಡವಾಗಿ ಬರುತ್ತೆ ಅಷ್ಟೆ, ನನ್ನ ಒಪ್ಕೊಂಡೆ ಅನ್ನೋಕೇ ಮೂರು ತಿಂಗಳು ತಗೊಂಡವರು ಅವರು, ನಾವೇನು ಬೇರೆ ಕಡೆ ನೋಡಿದ್ವಾ, ಕಾದ್ವಿ" ಎಂದು ತಿಳಿಸಿರುತ್ತಾರೆ. ಮದುವೆಗೆ ಐದು ಸೆಕೆಂಡಿನ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಇದನ್ನು ಪುರಾವೆ ಎಂದು ಪರಿಗಣಿಸಲಾಗಿಲ್ಲ. ಆದರೂ ಅರ್ಜಿಯನ್ನು ಅಧೀಕ್ಷಕರು ಎರಡು ಸಲ ಓದಿರುತ್ತಾರೆ.

೩. ಪರೀಕ್ಷಾ ಕೊಠಡಿಯ ಹೊರಗೆ ಆಡಿದ ಮಾತು ಮಾತಲ್ಲ. ಮೆಟ್ಟಿಲ ಮೇಲೆ ಆಡಿದ್ದು ಅರ್ಧ ಮಾತೇ ಎಂಬ ಪ್ರಶ್ನೆ ಪರಿಶೀಲನೆಯಲ್ಲಿದೆ. ನಿದ್ದೆಯಲ್ಲಿ ಆಡಿದ್ದನ್ನು ರೋಗಿಯೇ ಎದ್ದ ನಂತರ ದೃಢೀಕರಿಸಬೇಕು.

೪. ಲಿಫ್ಟಿನಲ್ಲಿ ನಡೆದದ್ದು: ಒಳಗೆ ಅಧೀಕ್ಷಕರು, ಅವರ ಕೈಯಲ್ಲಿ ಸದರಿ ಕಡತ, ಗಾಲಿಕುರ್ಚಿಯಲ್ಲಿ ದರ್ಜಿ, ಸ್ಟೂಲಿನ ಮೇಲೆ ಆಪರೇಟರ್. ಅಧೀಕ್ಷಕರು ಆಪರೇಟರರನ್ನು ತರಾಟೆಗೆ ತೆಗೆದುಕೊಂಡು, ಬೈಗುಳ ಮುಗಿದ ಬಳಿಕ, ತಮ್ಮ ಎದೆಯನ್ನೇ ದಿಟ್ಟಿಸುತ್ತಿದ್ದ ದರ್ಜಿಯನ್ನು "ಏನ್ರೀ ನೋಡ್ತಿದೀರಿ?" ಎಂದು ಕೇಳಿದರು. ಐದು ಸೆಕೆಂಡು ಮುಗಿಯಿತು. ಬೇರೆ ಕಡೆ ಹೋಗಲು ಜಾಗವಿಲ್ಲದ ಕಾರಣ ಅಧೀಕ್ಷಕರು ಕಾದರು. ನಲವತ್ತೊಂದನೇ ಸೆಕೆಂಡಿಗೆ ಉತ್ತರ ಬಂತು: "ಗುಂಡಿ... ಒಂದು ಕಾಜಾ... ತಪ್ಪಿದೆ. ಮೇಲಿಂದ... ಹಾಕ್ಕೊಂಡು ಬನ್ನಿ."

೫. ಪರಿಶೀಲಿಸಲಾಗಿ, ಹೇಳಿಕೆ ಸತ್ಯವಾಗಿತ್ತು: ಅಂಗಿಯ ಪ್ರತಿ ಗುಂಡಿಯೂ ಒಂದೊಂದು ತೂತು ಕೆಳಗೆ ಸಿಕ್ಕಿಕೊಂಡಿತ್ತು. ಅಧೀಕ್ಷಕರು ಬೆಳಗಿನಿಂದ ಅದೇ ಅಂಗಿಯಲ್ಲಿ ಎರಡು ಸಭೆಗಳ ಅಧ್ಯಕ್ಷತೆ ವಹಿಸಿದ್ದು, ಅಲ್ಲಿದ್ದ ಮಾತು ಚೆನ್ನಾಗಿ ಬರುವ ಹದಿನೆಂಟು ಮಂದಿಯಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

೬. ಸದರಿ ವಾಕ್ಯವು ಎರಡು ಮಹಡಿಗಳ ನಡುವೆ ಉಚ್ಚಾರಗೊಂಡಿರುವುದರಿಂದ ಅದು ಯಾವ ವಾರ್ಡಿನ ಸಾಧನೆ ಎಂಬ ಬಗ್ಗೆ ಎರಡೂ ವಾರ್ಡುಗಳ ಮುಖ್ಯ ದಾದಿಯರು ಪತ್ರ ಬರೆಯುವುದನ್ನು ನಿಲ್ಲಿಸತಕ್ಕದ್ದು. "ನಾನೇನೂ ಚಿಕಿತ್ಸೆ ಕೊಟ್ಟಿಲ್ಲ ಸಾರ್, ಲಿಫ್ಟು ನಿಂತಿತ್ತು, ನಾನೂ ಸುಮ್ನಿದ್ದೆ" ಎಂಬ ಆಪರೇಟರರ ಹೇಳಿಕೆಯನ್ನು ಅಂಗೀಕರಿಸಲಾಗಿದೆ. ಸುಮ್ಮನಿರುವುದಕ್ಕೆ ಬೇಕಾದ ವಿದ್ಯಾರ್ಹತೆಯನ್ನು ಪ್ರತ್ಯೇಕವಾಗಿ ನಿಗದಿಪಡಿಸಲಾಗುವುದು.

೭. ಅಂಗಿಯನ್ನು ಮೇಲಿನಿಂದ ಸರಿಪಡಿಸಿಕೊಂಡ ಮೇಲೆ, ಉಳಿದ ಹೊತ್ತು ಕಳೆಯಲು, ಅಧೀಕ್ಷಕರು ಕಡತದ ಉತ್ತರಪಟ್ಟಿಯನ್ನು ಮೊದಲ ಬಾರಿಗೆ ಓದಿದರು. ಬಾಚಣಿಗೆ ತೋರಿಸಿದಾಗ: ಮೌನ. ಏಣಿ ತೋರಿಸಿದಾಗ: ಮೌನ. ಕೊಡೆ ತೋರಿಸಿದಾಗ: 'ಬಾಚಣಿಗೆ', ತಪ್ಪು. ಆನೆ ತೋರಿಸಿದಾಗ: 'ಏಣಿ', ತಪ್ಪು. ಬೀಗ ತೋರಿಸಿದಾಗ: 'ಕೊಡೆ', ತಪ್ಪು. ಪಟ್ಟಿಯ ಕೊನೆಯವರೆಗೂ ಹೀಗೆಯೇ. ಕಟ್ಟಕಡೆಯ ಎರಡು ಉತ್ತರಗಳು ಪರೀಕ್ಷೆ ಮುಗಿದು ಕುರ್ಚಿಯನ್ನು ಬಾಗಿಲಾಚೆ ತಳ್ಳುವಾಗ ಬಂದಿದ್ದು, ಅವನ್ನು 'ಅಸಂಬದ್ಧ ಪ್ರಲಾಪ' ಎಂದು ಕೆಂಪು ಶಾಯಿಯಲ್ಲಿ ನಮೂದಿಸಲಾಗಿದೆ. ದರ್ಜಿಯು ಇಪ್ಪತ್ತರಲ್ಲಿ ಹತ್ತೊಂಬತ್ತನ್ನು ಸರಿಯಾಗಿ ಹೇಳಿರುತ್ತಾರೆ. ಹದಿನೇಳನೇ ಚಿತ್ರ ಏನೆಂಬುದು ವಿಭಾಗಕ್ಕೂ ತಿಳಿದಿರುವುದಿಲ್ಲ.

೮. ಉಳಿದ ಎರಡು ಪರೀಕ್ಷೆಗಳ ಪಟ್ಟಿಗಳೂ ಅಂತೆಯೇ ಇವೆ. ಅಧೀಕ್ಷಕರಿಗೆ ನಾಚಿಕೆಯಾಯಿತು. ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಇಲ್ಲಿ ದಾಖಲಿಸಲಾಗಿದೆ. ಆದೇಶಕ್ಕೆ ಸಹಿ ಹಾಕಲಾಗಿಲ್ಲ. ಪೆನ್ನು ಇತ್ತು.

೯. ಐದು ಸೆಕೆಂಡನ್ನು ಆರು ಮಾಡುವ ಅಧಿಕಾರವೂ ಈ ಕಚೇರಿಗೆ ಇರುವುದಿಲ್ಲ. ಆದರೆ ಉಪಕರಣಗಳನ್ನು ದುರಸ್ತಿಗೆ ಕಳುಹಿಸುವ ಸಂಪೂರ್ಣ ಅಧಿಕಾರವಿದೆ. ಆದ್ದರಿಂದ ವಿಭಾಗದ ಎರಡೂ ಸ್ಟಾಪ್‌ವಾಚುಗಳನ್ನು ಇಂದೇ ದುರಸ್ತಿಗೆ ಕಳುಹಿಸಲಾಗಿದೆ. ದೋಷದ ವಿವರ: ಬೇಗ ಓಡುತ್ತವೆ. "ವಾಚು ಸರಿಯಾಗೇ ಇತ್ತಲ್ಲ ಸಾರ್" ಎಂದು ಆಕ್ಷೇಪಿಸಿದ ಪರೀಕ್ಷಕರು ಲಿಫ್ಟಿನಲ್ಲಿ ಇಪ್ಪತ್ತಾರು ನಿಮಿಷ ನಿಂತು ಬಂದು ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಬಹುದು.

೧೦. ವಾಚುಗಳು ಹಿಂದಿರುಗುವವರೆಗೆ ಉತ್ತರ ಬರುವ ತನಕ ಮುಂದಿನ ಚಿತ್ರ ತೋರಿಸಕೂಡದೆಂದು ಈ ಮೂಲಕ ಸೂಚಿಸಲಾಗಿದೆ. ಕಾಯುವಾಗ ಆಕಳಿಸುವುದು, ಬೆರಳಿನಿಂದ ಮೇಜು ಕುಟ್ಟುವುದು ಮತ್ತು ರೋಗಿಯ ಪರವಾಗಿ ನಿಟ್ಟುಸಿರು ಬಿಡುವುದು ನಿಷಿದ್ಧ. ಹದಿನಾಲ್ಕನೇ ಹಾಸಿಗೆಯ ತರಬೇತಿ ಮುಂದುವರಿಯತಕ್ಕದ್ದು.

(ಸಹಿ)
ಅಧೀಕ್ಷಕರು

ಪ್ರತಿಗಳು:
೧. ಎಲ್ಲ ಪರೀಕ್ಷಕರಿಗೆ, ಪಾಲನೆಗಾಗಿ.
೨. ಲಿಫ್ಟ್ ಆಪರೇಟರರಿಗೆ, ಬೈದದ್ದನ್ನು ಹಿಂಪಡೆದಿರುವ ಮಾಹಿತಿಗಾಗಿ.
೩. ಗಡಿಯಾರ ದುರಸ್ತಿಯವರಿಗೆ: ಆತುರವೇನೂ ಇಲ್ಲ.
೪. ಹದಿನಾಲ್ಕನೇ ಹಾಸಿಗೆಯ ರೋಗಿಯ ಪತ್ನಿಯವರಿಗೆ: ಅರ್ಜಿ ಪುರಸ್ಕರಿಸಲಾಗಿದೆ.
೫. ಹದಿನಾಲ್ಕನೇ ಹಾಸಿಗೆಯ ರೋಗಿಗೆ: ಈ ಸುತ್ತೋಲೆಯಲ್ಲಿ ಇನ್ನೂ ಏನಾದರೂ ತಪ್ಪಿದ್ದಲ್ಲಿ ತಿಳಿಸಬೇಕಾಗಿ ಕೋರಲಾಗಿದೆ. ಅಧೀಕ್ಷಕರು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕುಳಿತಿರುತ್ತಾರೆ.